ಕಂದೀಲು ಹೂವಿನ ಗುಡ್ಡ

ಪ್ರಹ್ಲಾದಾಚಾರ್ಯರಿಗೆ ಹಕ್ಕಿಯೂ ಬೇಕಿರಲಿಲ್ಲ, ಚಿಟ್ಟೆಯೂ ಬೇಕಿರಲಿಲ್ಲ. ಹದಿನಾಲ್ಕು ಮಂದಿಯ ತಂಡದ ಜೊತೆ ನಾಲ್ಕು ದಿನ ದೇವದುರ್ಗದ ಗುಡ್ಡಗಳಲ್ಲಿ ತಿರುಗಿ ಬರುತ್ತೇನೆ ಎಂದು ತಂಗಿ ಅಹಲ್ಯಾಬಾಯಿ ಹೊರಟಾಗ, ಹೆಣ್ಣುಮಗಳು ಒಬ್ಬಳೇ ಹೋದರೆ ಮಾನ್ವಿಯ ಜನ ಏನಂದಾರು ಎಂದು ಬೆನ್ನು ಹತ್ತಿ ಬಂದಿದ್ದರು, ಅಷ್ಟೇ. ಆ ಹೆಣ್ಣುಮಗಳಿಗೆ ಐವತ್ತೊಂದು ವರ್ಷ. ಹುಡುಗಿಯರ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು, ದಿನಾ ಶಾಲೆಗೆ ಹೋಗುವ ಮುಂಚೆ ಅಣ್ಣನ ಮನೆಯ ಅಡುಗೆ ಮುಗಿಸಿದವಳು. ಮದುವೆಯಾಗಿರಲಿಲ್ಲ. ಜಾತಕ ಕೂಡಲಿಲ್ಲ ಎಂದರು, ಆಮೇಲೆ ಕೂಡಿಸುವ ಗೋಜಿಗೂ ಯಾರೂ ಹೋಗಲಿಲ್ಲ. ಅಂಥ ಕೈರುಚಿಯವಳನ್ನು ಯಾರು ಬಿಟ್ಟುಕೊಟ್ಟಾರು!

ತಂಡ ಕಟ್ಟಿದವನು ತಾಯಣ್ಣ. ಚಂದ್ರಬಂಡದ ಕೂಲಿಯವರ ಮಗ, ಈಗ ರಾಯಚೂರಿನಲ್ಲಿ ಕಾಲೇಜು ಮೇಷ್ಟ್ರು. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಜನರನ್ನು ಕರೆತಂದು ಬೆಳಗ್ಗೆ ಹಕ್ಕಿ, ಬಿಸಿಲು ಬಿದ್ದ ಮೇಲೆ ಚಿಟ್ಟೆ, ಕೊನೆಯ ದಿನ ಗುಡ್ಡದ ಮೇಲಿನ ಹೂ ತೋರಿಸುತ್ತಿದ್ದ. ೧೯೮೪ರಲ್ಲಿ ಅಹಲ್ಯಾಬಾಯಿಯ ಶಾಲೆಗೆ ಬಂದವನು ಮಾತಿನ ನಡುವೆ ಹೇಳಿದ್ದ: "ಗುಡ್ಡದ ಕಲ್ಲಿನ ಸಂದ್ಯಾಗ ಒಂದು ಹೂ ಬಿಡ್ತದ್ರೀ ಅಕ್ಕಾರ. ಥೇಟ್ ಸಣ್ಣ ಕಂದೀಲು. ವರ್ಷಕ್ಕ ಎಂಟೇ ದಿನ." ಮಕ್ಕಳಿಗೆ ಪುಸ್ತಕ ನೋಡಿ ಹೂವಿನ ಚಿತ್ರ ಬರೆದುಕೊಡುತ್ತಲೇ ಮುದುಕಿಯಾಗುತ್ತಿದ್ದವಳಿಗೆ ಆ ಹೂವಿನ ಹುಚ್ಚು ಹಿಡಿಯಿತು. ಒಂದೇ ಒಂದು ಸಲ ಅದನ್ನು ಕಣ್ಣಾರೆ ನೋಡಿ ಬರೆಯಬೇಕು.

ಆದರೆ ತಂಡ ಇಳಿದುಕೊಂಡಿದ್ದ ದೇವದುರ್ಗದ ಬಂಗಲೆಗೆ ಬಂದರೂ ಒಲೆ ಅವಳ ಬೆನ್ನು ಬಿಡಲಿಲ್ಲ. ತಂಡಕ್ಕೆ ಅಡುಗೆ ಮಾಡುತ್ತಿದ್ದವನು ನಬೀಸಾಬ್. ಆಚಾರ್ಯರು ಅವನು ಮಾಡಿದ್ದನ್ನು ಉಣ್ಣುವವರಲ್ಲ. ಅವರಿಗಾಗಿ ತಂಗಿ ತಣ್ಣೀರು ಮಿಂದು, ಒದ್ದೆ ಸೀರೆಯುಟ್ಟು, ಯಾರನ್ನೂ ಮುಟ್ಟದೆ ಮಡಿಯಲ್ಲಿ ಬೇಯಿಸಬೇಕು. ಈ ಕಟ್ಟಳೆಯನ್ನು ಹಕ್ಕಿಗಳಿಗೆ ಯಾರು ಹೇಳಬೇಕು? ಅವು ಹೊತ್ತು ಮೂಡುವಾಗಲೇ ಕೂಗಿ, ಬಿಸಿಲೇರಿದರೆ ಮರೆಯಾಗುತ್ತಿದ್ದವು. ತಂಡದವರು ನೀಲಕಂಠ ಕಂಡಿತು, ಮಿಂಚುಳ್ಳಿ ಕಂಡಿತು ಎಂದು ಮಕ್ಕಳ ಹಾಗೆ ಗದ್ದಲ ಮಾಡುತ್ತ ಮರಳುತ್ತಿದ್ದರು. ಮೂರು ದಿನದಲ್ಲಿ ಅಹಲ್ಯಾಬಾಯಿ ಕಂಡದ್ದು ಸೀಮೆಎಣ್ಣೆ ಸ್ಟೋವು ಮತ್ತು ಹಿತ್ತಲ ಗೋಡೆಯ ಮೇಲಿನ ಕಾಗೆ. ಆ ಕಾಗೆ ಮಾನ್ವಿಯಲ್ಲೂ ಇತ್ತು.

ಆದರೂ ತಾಳಿಕೊಂಡಿದ್ದಕ್ಕೆ ಕಾರಣವಿತ್ತು. ತಾಯಣ್ಣ ಎರಡು ತಂಡಗಳ ತಾರೀಖು ಹೇಳಿದಾಗ ಅವಳು ಶಾಲೆಯ ಗೋಡೆಯ ಕ್ಯಾಲೆಂಡರ್ ನೋಡಿ, ನಾಲ್ಕನೆಯ ದಿನ ಏಕಾದಶಿ ಬೀಳುವ ತಂಡವನ್ನೇ ಆರಿಸಿದ್ದಳು. ಏಕಾದಶಿಗೆ ಅಣ್ಣನದು ನಿರಾಹಾರ. ಒಲೆ ಹಚ್ಚುವ ಮಾತೇ ಇಲ್ಲ. ಗುಡ್ಡ ಹತ್ತುವ ದಿನ ಪೂರಾ ಅವಳದು.

ನಾಲ್ಕನೆಯ ಬೆಳಗ್ಗೆ ಚಿತ್ರದ ಪುಸ್ತಕ, ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಆಚಾರ್ಯರು ಬಾಗಿಲಿಗೆ ಬಂದು ನಿಂತರು.

"ಎಲ್ಲಿಗೆ ಹೊಂಟಿ? ಇನ್ನೂ ಸ್ನಾನ ಆಗಿಲ್ಲ."

"ಗುಡ್ಡಕ್ಕ ಅಣ್ಣಾ. ಇವತ್ತ ಏಕಾದಶಿ ಅದಲ್ಲ?"

ಆಚಾರ್ಯರು ನಕ್ಕರು. "ಅದು ನಿಮ್ಮ ಸಾಲಿ ಕ್ಯಾಲೆಂಡರಿನ ಏಕಾದಶಿ. ಮಠದ ಪಂಚಾಂಗದಾಗ ನಮಗ ನಾಳೆ ಅದ. ಇವತ್ತ ದಶಮಿ, ಒಪ್ಪತ್ತು ಊಟ. ಹೊತ್ತಿಗೆ ಸರಿಯಾಗಿ ಆಗಬೇಕು. ಲಗೂನ ನೀರು ಹಾಕ್ಕೋ."

ಎರಡು ಪಂಚಾಂಗಗಳ ಏಕಾದಶಿ ಕೆಲವೊಮ್ಮೆ ಒಂದು ದಿನ ಹಿಂದುಮುಂದಾಗುತ್ತದೆ ಎಂದು ಗೊತ್ತಿಲ್ಲದ ಕೂಸೇ ಅವಳು? ಆಸೆಯ ಭರದಲ್ಲಿ ಮನೆಯ ಪಂಚಾಂಗ ತೆರೆದು ನೋಡಿರಲೇ ಇಲ್ಲ. ಹೊರಗೆ ತಂಡ ಹೊರಟು ನಿಂತಿತ್ತು. "ಬರ್ರಿ ಅಕ್ಕಾರ, ಹೊತ್ತಾತು!" ಎಂದು ತಾಯಣ್ಣ ಕೂಗಿದ.

ಅಹಲ್ಯಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಣ್ಣಾ, ಹತ್ರ ಬರಬ್ಯಾಡ್ರಿ. ನಾ ಹೊರಗಾಗೀನಿ."

ಮುಟ್ಟಾದವಳು ಮೂರು ದಿನ ಒಲೆಯ ಹತ್ತಿರ ಸುಳಿಯುವಂತಿಲ್ಲ. ಆದರೆ ಅವಳಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅಣ್ಣನಿಗೂ ಅದು ಗೊತ್ತಿತ್ತು. ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಅವಳ ಕೈಯಡುಗೆಯನ್ನೇ ಉಣ್ಣುತ್ತಿದ್ದರಲ್ಲ. ಅವರ ಹೆಂಡತಿ ವೈನಿಯಂತೂ "ಇನ್ನ ತಿಂಗಳಾ ಮೂರು ದಿನದ ತ್ರಾಸು ತಪ್ಪಿತು ನೋಡು" ಎಂದು ಹಿಗ್ಗಿದ್ದರು. ಅಹಲ್ಯಾಬಾಯಿ ಮಾತ್ರ ಆಗ ಬಚ್ಚಲಲ್ಲಿ ಕೂತು ಅತ್ತಿದ್ದಳು. ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಯಾರ ಕೂಗಿಗೂ ಏಳದೆ ಚಿತ್ರ ಬರೆಯುತ್ತಿದ್ದ ಆ ಮೂರು ದಿನಗಳ ಸುಖವೂ ಹೋಯಿತಲ್ಲ ಎಂದು.

ಸುಳ್ಳೆಂದು ಆಚಾರ್ಯರಿಗೆ ಗೊತ್ತು. ಆದರೆ ತಂಗಿಯನ್ನು ಅಣ್ಣನಾದವನು ಏನೆಂದು ಕೇಳಬೇಕು? ಬಾಯಿಬಿಟ್ಟು ಕೇಳುವ ಮಾತೇ ಅದು? ಅಕಸ್ಮಾತ್ ನಿಜವೇ ಆಗಿದ್ದರೆ ಅವಳು ಮಾಡಿದ್ದನ್ನು ಉಂಡು ಯಾವ ನರಕಕ್ಕೆ ಹೋಗಬೇಕು?

"ಮತ್ತ... ಅಡಿಗಿ?" ಎಂದರು.

"ಅಕ್ಕಿ ಬ್ಯಾಳಿ ಡಬ್ಬಿ ಇವತ್ತ ಯಾವೂ ಮುಟ್ಟಿಲ್ಲ ನಾ. ನೀವೇ ಒಂದೀಟು ಅನ್ನ ಮಾಡ್ಕೋರಿ."

ಅವಳು ತಂಡದ ಜೊತೆ ಗುಡ್ಡ ಹತ್ತಿದಳು. ಮಡಿಯ ವಿಷಯದಲ್ಲಿ ಎಂದೂ ಸುಳ್ಳಾಡಿದವಳಲ್ಲ. ಪಾಪ ತಟ್ಟೀತು ಎಂಬ ಹೆದರಿಕೆ ಒಂದು ಕಡೆ, ಅಣ್ಣ ಹಿಂದಿನಿಂದ ಕೂಗಿಯಾನು ಎಂಬ ಹೆದರಿಕೆ ಇನ್ನೊಂದು ಕಡೆ. ಕಡಿದಾದ ಕಡೆ ತಾಯಣ್ಣ ಕೈ ಚಾಚಿದ, ಅವಳು ಹಿಡಿದುಕೊಂಡಳು. ಬಂಡೆಯ ಬಿರುಕಿನಲ್ಲಿ ಆ ಹೂ ಇತ್ತು. ಬೆರಳುದ್ದವೂ ಇರಲಿಲ್ಲ. ಹಸಿರು ಬುಡ್ಡಿಯ ಮೇಲೆ ಕಂದು ಬಣ್ಣದ ಐದು ಎಸಳು ತುದಿಯಲ್ಲಿ ಕೂಡಿಕೊಂಡು ಕಿಟಕಿ ಕಿಟಕಿಯಾಗಿದ್ದವು. ಅವಳು ಮಂಡಿಯೂರಿ ಕೂತು ಒಂದು ತಾಸು ಬರೆದಳು. ಕಣ್ಣು ತುಂಬಿ ಬಂದು ಎರಡು ಸಲ ಗೆರೆ ತಪ್ಪಿತು.

ಮಾನ್ವಿಗೆ ಮರಳಿದ ಮೇಲೂ ಸುಳ್ಳನ್ನು ನಡೆಸಲೇಬೇಕಾಯಿತು. ಸೀದಾ ಹಿಂದಿನ ಪಡಸಾಲೆಗೆ ಹೋಗಿ ಚಾಪೆ ಹಾಸಿದಳು. ವೈನಿ ಗಂಡನ ಮುಖ ನೋಡಿದರು, ಗಂಡ ಪಂಚಾಂಗದಿಂದ ತಲೆ ಎತ್ತಲಿಲ್ಲ. ದ್ವಾದಶಿಯ ಪಾರಣೆಗೆ ನಸುಕಿನಲ್ಲೇ ಎದ್ದು ವೈನಿಯೇ ಅಡುಗೆ ಮಾಡಿದರು. ಮೂರು ದಿನ ಕಳೆದ ಮೇಲೆ ಅಹಲ್ಯಾಬಾಯಿ ತಲೆಗೆ ನೀರು ಹಾಕಿಕೊಂಡು ಮತ್ತೆ ಒಲೆಯ ಮುಂದೆ ಕೂತಳು.

ಮುಂದಿನ ತಿಂಗಳು ಒಂದು ಬೆಳಗ್ಗೆ ವೈನಿ ಅಡುಗೆಮನೆಗೆ ಬಂದರೆ ಒಲೆ ತಣ್ಣಗಿತ್ತು. ಹಿಂದಿನ ಪಡಸಾಲೆಯಿಂದ ಅಹಲ್ಯಾಬಾಯಿಯ ದನಿ ಕೇಳಿಸಿತು.

"ವೈನೀ, ನಾ ಹೊರಗ ಕೂತೀನ್ರೀ."