ಹುಲ್ಲು ಹಾಸಿದ ಕೊಟ್ಟಿಗೆ

ನನ್ನ ಗಂಡ ಜ್ವರದಲ್ಲಿ ತೀರಿಕೊಂಡ ನಾಲ್ಕನೇ ತಿಂಗಳಿಗೆ ವಿಜ್ಞಾನ ಪತ್ರಿಕೆಯವರ ಉತ್ತರ ಬಂತು. ನಮ್ಮಿಬ್ಬರ ಹೆಸರಿನಲ್ಲಿ ಅವನು ಕಳಿಸಿದ್ದ ಪ್ರಬಂಧವನ್ನು ಅಚ್ಚು ಹಾಕುತ್ತಾರೆ. ಒಂದು ಪ್ರಶ್ನೆಗೆ ಮಾತ್ರ ಉತ್ತರಿಸಬೇಕು: ಸತ್ತು ಹುಟ್ಟಿದ, ಹುಟ್ಟಿದ ಕೂಡಲೇ ಸತ್ತ ಆಡಿನ ಮರಿಗಳನ್ನೂ ಎಣಿಸಿದ್ದೀರಾ?

ಅವನು ಆಡು ಸಾಕಣೆ ಕೇಂದ್ರದ ಸಂಶೋಧಕ. ನಾನು ಅಲ್ಲಿಯೇ ಪ್ರಯೋಗಾಲಯದಲ್ಲಿ ಆಡುಗಳ ರಕ್ತ ಪರೀಕ್ಷಿಸುವವಳು. ಒಂದು ಜೀನಿನಲ್ಲಿ, ಅಂದರೆ ವಂಶವಾಹಿಯಲ್ಲಿ, ಒಂದೇ ಒಂದು ಕಡೆ ಬದಲಾವಣೆಯಿರುವ ಆಡುಗಳು ಹೆಚ್ಚಾಗಿ ಅವಳಿ ಹಾಕುತ್ತವೆ, ಅದಿಲ್ಲದವು ಹೆಚ್ಚಾಗಿ ಒಂಟಿ ಮರಿ ಹಾಕುತ್ತವೆ. ಇದು ಅವನು ಕಂಡುಕೊಂಡದ್ದು. ಅರವತ್ತೆರಡು ಆಡು, ಮೂರು ವರ್ಷ.

ಅತ್ತೆಗೆ ಜೀನು ಗೊತ್ತಿಲ್ಲ, ಅಚ್ಚಾಗುವುದು ಗೊತ್ತು. ಮಗನ ಫೋಟೋದ ಪಕ್ಕ ಆಗಲೇ ಮೊಳೆ ಹೊಡೆಸಿದ್ದರು. ಗಾಜಿನ ಚೌಕಟ್ಟನ್ನೂ ತಂದಿಟ್ಟಿದ್ದರು.

"ಅವನ ಹೆಸರಿರೋ ಪುಟ ಒಂದು ಸಾಕಲ್ವಾ?"

"ಸಾಕು ಅತ್ತೆ."

ರಿಜಿಸ್ಟರಿನಲ್ಲಿ ಸತ್ತ ಮರಿ ಒಂದೂ ಇರಲಿಲ್ಲ. ಕೊಟ್ಟಿಗೆ ನೋಡಿಕೊಳ್ಳುವ ಗಡ್ಡದಣ್ಣನನ್ನು ಕೇಳಿದೆ.

"ಕಿವಿಗೆ ನಂಬರಿನ ಬಿಲ್ಲೆ ಬೀಳೋವರೆಗೂ ಮರಿ ಮರಿಯಲ್ಲ ಕಣಮ್ಮ, ಇಲ್ಲಿ ಮೊದಲಿಂದ ಹಾಗೇ. ಸಾಹೇಬರು ಒಂಬತ್ತಕ್ಕೆ ಬರೋರು. ಎದ್ದು ನಿಂತಿರೋದಕ್ಕೆ ಅವರ ಬಿಲ್ಲೆ, ಮಲಗಿರೋದಕ್ಕೆ ನನ್ನ ಗುದ್ದಲಿ."

"ಮಲಗಿದ್ದು ಎಷ್ಟು?"

ಅವನು ಪಶ್ಚಿಮದ ಕೊಟ್ಟಿಗೆಯ ಬಾಗಿಲನ್ನು ಎಳೆದು ಅದರ ಹಿಂಬದಿ ತೋರಿಸಿದ. ಒಂದೊಂದು ಆಡಿನ ನಂಬರಿನ ಮುಂದೆಯೂ ಇದ್ದಿಲಿನ ಗೀಟುಗಳು. ಎಪ್ಪತ್ತೊಂದು.

"ಗುಂಡಿಗೆ ಸುಣ್ಣ ಬೇಕು ಅಂದ್ರೆ ಎಷ್ಟು ಹೂತೆ ಅಂತ ಸ್ಟೋರಿನೋರು ಕೇಳ್ತಾರಲ್ಲ, ಅದಕ್ಕೆ ಬರೆದಿಟ್ಟೆ."

"ಪೂರ್ವದ ಕೊಟ್ಟಿಗೇಲಿ?"

"ನಾಲ್ಕು. ಅಲ್ಲೆಲ್ಲಿ ಸಾಯ್ತಾವೆ? ಮೊಣಕಾಲುದ್ದ ಹುಲ್ಲು. ಮಾವನ ಮನೆ ಅದು."

ರಕ್ತದ ಫಲಿತಾಂಶ ಬಂದ ವಾರವೇ ನನ್ನ ಗಂಡ ಬದಲಾವಣೆಯಿದ್ದ ಆಡುಗಳನ್ನು ಪೂರ್ವದ ಕೊಟ್ಟಿಗೆಗೆ ಸೇರಿಸಿದ್ದ. ಅಮೂಲ್ಯವಾದವು, ಚೆನ್ನಾಗಿರಲಿ ಎಂದಿದ್ದ. ಆ ಪಟ್ಟಿ ಬರೆದುಕೊಟ್ಟವಳು ನಾನು. ಮಿಕ್ಕವು ಪಶ್ಚಿಮದಲ್ಲಿ, ಬರಿಯ ಸಿಮೆಂಟಿನ ಮೇಲೆ. ಕೂತು ಅಂಗೈ ಊರಿದೆ. ತೊಳೆದ ನೆಲ ಆರಿರಲಿಲ್ಲ. ಚಳಿ ಮೊಣಕೈವರೆಗೆ ಏರಿತು.

ಅಲ್ಲಿಯೇ ಕೂತು ರಿಜಿಸ್ಟರಿನ ಲೆಕ್ಕಕ್ಕೆ ಗೀಟುಗಳನ್ನು ಸೇರಿಸಿ ಎಣಿಸಿದೆ. ಎರಡೂ ಕಡೆ ಸೂಲಿಗೆ ಹೆಚ್ಚುಕಡಿಮೆ ಎರಡೇ ಮರಿ. ವ್ಯತ್ಯಾಸ ರಕ್ತದಲ್ಲಿರಲಿಲ್ಲ, ಹುಲ್ಲಿನಲ್ಲಿತ್ತು.

"ಅವರಿಗೆ ಇದು ಗೊತ್ತಿತ್ತಾ?"

ಗಡ್ಡದಣ್ಣ ಗಡ್ಡ ಕೆರೆದುಕೊಂಡ.

"ಜ್ವರ ಬರೋಕೆ ತಿಂಗಳ ಮುಂಚೆ ನಾನೇ ಕರೆದು ತೋರಿಸಿದೆ. ಬಹಳ ಹೊತ್ತು ನಿಂತಿದ್ರು. ಆಮೇಲೆ, ಈ ಬಾಗಿಲಿಗೆ ಬಣ್ಣ ಹೊಡೆಸಬೇಕಲ್ಲಯ್ಯಾ ಅಂದ್ರು."

"ಹೊಡೀಲಿಲ್ವಾ?"

"ಡಬ್ಬಿ ತರಿಸಿಕೊಟ್ರು. ಅಗೋ, ಮೂಲೇಲಿದೆ. ನನಗೇ ಕೈ ಬರಲಿಲ್ಲ."

ಹಸಿರು ಬಣ್ಣ. ಮುಚ್ಚಳ ತೆರೆದಿರಲಿಲ್ಲ. ಅರ್ಧ ಗಂಟೆಯ ಕೆಲಸ. ಪತ್ರಿಕೆಯವರ ಪ್ರಶ್ನೆಗೆ 'ಹೌದು' ಎಂದು ಬರೆಯಲು ಅಷ್ಟೂ ಬೇಡ.

ಪತ್ರಿಕೆಗೆ ಮೂರು ಸಾಲು ಬರೆದೆ. ಸತ್ತ ಮರಿಗಳನ್ನು ಎಣಿಸಿಲ್ಲ. ತೀರ್ಮಾನ ನಿಲ್ಲುವುದಿಲ್ಲ. ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕಳಿಸಿ ಮನೆಗೆ ಬಂದೆ.

ಅತ್ತೆ ಚೌಕಟ್ಟಿನ ಗಾಜು ಒರೆಸುತ್ತಿದ್ದರು.

"ಅಚ್ಚಾಗಲ್ಲ ಅತ್ತೆ. ಲೆಕ್ಕ ತಪ್ಪಿತ್ತು. ನಾನೇ ಬೇಡ ಅಂತ ಬರೆದೆ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವನಿದ್ದಿದ್ರೆ ಏನು ಮಾಡ್ತಿದ್ದ?"

"ಅವರೂ ಇದನ್ನೇ ಮಾಡ್ತಿದ್ರು. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ."

ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಅವನನ್ನು ಹೆತ್ತವರು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ," ಎಂದರು. "ಕೈ ತೊಳಿ. ಆಡಿನ ವಾಸನೆ."