ಗಬ್ಬೂರು ಬಸ್ಸಿನಾಗ ಕರಿ ನಸುಗುನ್ನಿ

ನಸುಗುನ್ನಿ ಎಂಬ ಬೇಲಿಬಳ್ಳಿಯ ಹೆಸರಲ್ಲೇ ಮೋಸವಿದೆ. ನಸು ಅಂದರೆ ತುಸು. ಕೆರೆತ ಮಾತ್ರ ಪೂರ್ತಿ. ಕಾಯಿಯ ಮೇಲಿನ ನವಿರು ತಾಗಿದರೆ ಎಂಥ ಸಂಭಾವಿತರೂ ಕುಣಿಯಬೇಕು.

ರಾಯಚೂರಿನಲ್ಲಿ ಸಂಶೋಧನೆ ಮಾಡುವ ನಗ್ಮಾಳಿಗೆ ಬೇಕಾದದ್ದು ಒಳಗಿನ ಬೀಜ. ಮಾನ್ವಿಯ ಬಿಳಿಯದೋ, ದೇವದುರ್ಗದ ಕಡೆಯ ಕರಿಯದೋ? ಯಾವುದರ ಸಾರ ಲ್ಯಾಬಿನ ನೇರಳೆ ದ್ರಾವಣವನ್ನು ಹೆಚ್ಚು ಹಳದಿಗೆ ತಿರುಗಿಸುತ್ತದೋ ಅದರಲ್ಲಿ ಆಂಟಿಆಕ್ಸಿಡೆಂಟ್ ಜೋರು. ಬಿಳಿಯದು ಆಗಲೇ ಸಿಕ್ಕಿತ್ತು. ಕರಿಯದು ಇದ್ದದ್ದು ಗಬ್ಬೂರಿನ ಮಲ್ಲಯ್ಯನ ಬೇಲಿಯಲ್ಲಿ ಮಾತ್ರ. ಅವನೋ ಕೆರೆದು ಕೆರೆದು ಬೇಸತ್ತು ಬಳ್ಳಿಗೇ ಬೆಂಕಿ ಇಟ್ಟಿದ್ದ. ಉಳಿದ ಕಾಯಿಯೆಲ್ಲ ಈಗ ನಗ್ಮಾಳ ಚೀಲದಲ್ಲಿ. ಇದು ಹೋದರೆ ಅವಳ ಪರೀಕ್ಷೆಯೂ ಹೋಯಿತು.

ಬಸ್ಸು ಬಂತು. ಎಲ್ಲರೂ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದರು. ಟವೆಲ್ ಇಲ್ಲದ ನಗ್ಮಾ ಚೀಲವನ್ನೇ ಎಸೆದಳು.

ಹತ್ತಿ ನೋಡಿದರೆ, ಬಸವಂತಮ್ಮನೆಂಬ ಭಾರಿ ಹೆಂಗಸು ಅದರ ಮೇಲೇ ಕೂತಿದ್ದಳು.

"ಯವ್ವಾ, ಏಳ್ರೀ, ನನ್ನ ಚೀಲ!"

"ಸೀಟಿಗೆ ನಿನ್ನ ಹೆಸರು ಬರದದ ಏನಬೇ?" ಎಂದವಳು ಮರುಕ್ಷಣ ತಾನಾಗಿಯೇ ಎದ್ದು ನಿಂತಳು. ಕೂರುವ ಸ್ಥಿತಿ ಇರಲಿಲ್ಲ.

ಚೀಲ ಹರಿದು, ಕಾಯಿ ಒಡೆದು, ಬೀಜ ಬಸ್ಸಿನ ತುಂಬ ಉರುಳಿದವು. "ಇದನ್ನ ಮುಂದ ಕಲ್ಮಲ ಸ್ಟಾಪಿನಾಗ ಹೊರಗ ಒಗಿತೀನಿ" ಎಂದ ಕಂಡಕ್ಟರ್.

ಗಾಬರಿಯಲ್ಲಿ ನಗ್ಮಾ ಸಂತೆಯಲ್ಲಿ ಔಷಧಿ ಮಾರುವವನ ಗಂಟಲು ತೆಗೆದಳು: "ಒಗೀಬ್ಯಾಡ್ರಿ ಭಾಯ್! ಗಂಡಸರ ಶಕ್ತಿಗೆ ಹಕೀಮರು ಕೊಡೋ ಬೀಜ ಅದ ಇದು!"

ಗಂಡಸರಿಗೆಲ್ಲ ಒಮ್ಮೆಲೇ ಚಪ್ಪಲಿ ಸರಿಮಾಡಿಕೊಳ್ಳುವ ಕೆಲಸ ಬಂತು. ಬಗ್ಗಿದರು, ಎದ್ದರು, ಕಿಟಕಿಯಾಚೆ ನೋಡುತ್ತ ಕೂತರು. ನಗ್ಮಾ ಸೀಟುಗಳ ಕೆಳಗೆ ಹುಡುಕಿದರೆ ಒಂದು ಬೀಜವೂ ಇಲ್ಲ.

"ನನ್ನ ಪರೀಕ್ಷಾ ಮುಳುಗ್ತು ಯವ್ವಾ!"

"ಅಳಬ್ಯಾಡ, ತಡಿ," ಬಸವಂತಮ್ಮ ಕೆರೆಯುತ್ತಲೇ ಅಂದಳು. "ಬೀಜಕ್ಕೂ ನವಿರು ಹತ್ತಿರ್ತದ. ಕಿಸೆ ತಾವ ಮಾತಾಡ್ತಾವ."

ಕಲ್ಮಲ ಬರುವಷ್ಟರಲ್ಲಿ ಒಬ್ಬ ಎದೆ ಕೆರೆದ, ಇನ್ನೊಬ್ಬ ತೊಡೆ. ಪಂಚೆಯಲ್ಲಿ ಸಿಕ್ಕಿಸಿಕೊಂಡವನ ಪಾಡು ಹೇಳುವಂತಿಲ್ಲ. ಬಸವಂತಮ್ಮ ಹರಕು ಚೀಲ ಹಿಡಿದು ಹೊರಟಳು. "ಹಾಕ್ರಪ್ಪಾ ಹಾಕ್ರಿ!"

"ನಾ ಜ್ವಾಪಾನ ಮಾಡಿಟ್ಟಿದ್ದೆ ಅಷ್ಟ" ಎಂದ ಒಬ್ಬ ಹಿರಿಯ, ಹೆಂಡತಿಯ ಮುಖ ನೋಡದೆ.

ಕಂಡಕ್ಟರ್ ಒಬ್ಬ ಉಳಿದ. ಕೊರಳಿನ ಚರ್ಮದ ಚೀಲದಡಿ ಅವನ ಹೊಟ್ಟೆ ಕೆರೆತಕ್ಕೆ ಕುಣಿಯುತ್ತಿತ್ತು.

"ಅಣ್ಣಾ, ಚಿಲ್ರಿ ಕೊಡು," ಬಸವಂತಮ್ಮ ಹರಕು ಚೀಲ ಒಡ್ಡಿದಳು.

"ನಿಮಗ ಫ್ರೀ ಟಿಕೇಟ್ ಅದ ಯವ್ವಾ, ಎಲ್ಲೀ ಚಿಲ್ರಿ?"

"ಕರೀದು."

ಅವನು ಚೀಲ ಬಿಚ್ಚಿದ. ಬಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು ಬೀಜ ಅಲ್ಲೇ ಇದ್ದವು; ಲ್ಯಾಬಿಗೆ ಸಾಕಾಗಿ ಮಿಗುವಷ್ಟು.