ರಟ್ಟಿನೊಳಗಿನ ಹೆಸರು

ಬೈಂಡರ್ ಮೌಲಾಸಾಬರು ಮೈದಾಹಿಟ್ಟಿನ ಅಂಟು ಕಲಸುತ್ತಿದ್ದರು. ಹೊಲಿಗೆ ಬಿಚ್ಚಿದ ನಾನು ಅವರ ಮುಂದೆ ಚಾಪೆಯ ಮೇಲೆ ಬಿದ್ದಿದ್ದೆ. ನಾನೊಂದು ಪುಸ್ತಕ. ಬಾಳವ್ವನೆಂಬ ಸೂಲಗಿತ್ತಿ ತಾನು ಕಂಡದ್ದು, ಉಂಡದ್ದು ಬರೆದು, ಗದಗಿನ ಸಣ್ಣ ಪ್ರೆಸ್ಸೊಂದರಲ್ಲಿ ನನ್ನನ್ನು ಅಚ್ಚು ಹಾಕಿಸಿದ್ದಳು. ಕೈಯಿಂದ ಕೈಗೆ ದಾಟಿ ಕೊನೆಗೆ ಧಾರವಾಡದ ಈ ಗ್ರಂಥಾಲಯ ಸೇರಿದ್ದೆ.

"ಮದಲಿನ ಹಾಳಿ ಹುಳಾ ತಿಂದೈತಿ. ಒಗ್ಯೋದ್ಯಾಕ, ರಟ್ಟು ಬಿಗಿ ಆಕ್ಕೈತಿ" ಎಂದ ಸಾಬರು ಆ ಹಾಳೆಯನ್ನು ರಟ್ಟಿನ ಒಳಮೈಗೆ ಹಚ್ಚಿ, ಮೇಲೆ ಬಿಳಿ ಕಾಗದ ಅಂಟಿಸಿದರು. ಎಲ್ಲ ಪುಸ್ತಕಕ್ಕೂ ಅವರದು ಅದೇ ರೂಢಿ. ಬಾಳವ್ವನ ಹೆಸರು, ಅಚ್ಚಾದ ಇಸವಿ ಇದ್ದದ್ದು ಆ ಹಾಳೆಯಲ್ಲಿ ಮಾತ್ರ. ಪುಸ್ತಕಗಳ ವಿವರ ಬರೆದಿಟ್ಟಿದ್ದ ಗ್ರಂಥಾಲಯದ ಹಳೆಯ ಕಾರ್ಡುಗಳನ್ನು ಗೆದ್ದಲು ಮೊದಲೇ ಓದಿ ಮುಗಿಸಿತ್ತು.

ಬಹಳ ಕಾಲದ ಮೇಲೆ ಮಹಾನಂದಾ ನನ್ನನ್ನು ತೆರೆದಳು. ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಓದುತ್ತ ನಕ್ಕಳು, ಓದುತ್ತಲೇ ಕಣ್ಣೊರೆಸಿಕೊಂಡಳು. ಒಂದು ಅಧ್ಯಾಯವನ್ನೇ ನನ್ನ ಮೇಲೆ ಬರೆದಳು. ಅವಳ ಗೈಡು ಅದನ್ನು ನೋಡಿ ಪೆನ್ನು ಕೆಳಗಿಟ್ಟರು.

"ಬರದಾಕಿ ಹೆಸರಿಲ್ಲ, ಇಸವಿ ಇಲ್ಲ. ಬರೇ ಪುಟಸಂಖ್ಯೆ ಕೊಟ್ರ ಆಧಾರ ಆಕ್ಕೈತೇನವಾ?"

"ಊರ ತುಂಬ ಕೂಸು ಹಿಡದಾಕಿ ರೀ ಸರ್. ಈಕಿಗೊಂದು ಹೆಸರು ಬ್ಯಾಡೇನ್ರಿ?"

"ಬೇಕು. ಹುಡಿಕ್ಕೊಂಡು ಬಾ. ಕಡೀ ಪುಟದಾಗ ಪ್ರೆಸ್ಸಿನ ವಿಳಾಸ ಐತೆಲ್ಲ, ಕಾಗದ ಬರಿ."

ಅಂದೇ ಬರೆದಳು. ಆದರೆ ಅಂಚೆ ಡಬ್ಬಿಗೆ ಹಾಕಲಿಲ್ಲ. 'ಗೊತ್ತಿಲ್ಲ' ಎಂಬ ಉತ್ತರ ಬಂದರೆ ಇರುವ ಆಸೆಯೂ ಹೋದೀತೆಂಬ ಅಂಜಿಕೆ. ಕಾಗದವನ್ನು ನನ್ನೊಳಗೇ ಇಟ್ಟು, ಬಂದಾಗಲೆಲ್ಲ ತೆಗೆದು ನೋಡಿ ಮತ್ತೆ ಇಡುವಳು. ರಟ್ಟು ಹಿಡಿದ ಅವಳ ಹೆಬ್ಬೆರಳು ಎಷ್ಟೋ ಸಲ ಬಾಳವ್ವನ ಹೆಸರಿನ ಮೇಲೆಯೇ ಊರಿರುತ್ತಿತ್ತು. ಹೇಳಲು ನನಗೆ ಬಾಯೆಲ್ಲಿಯದು?

ಪ್ರಬಂಧ ಸಲ್ಲಿಸುವ ದಿನ ಬಂದೇ ಬಿಟ್ಟಿತು. ಕೊನೆಯ ಆಧಾರಗ್ರಂಥಗಳ ಪಟ್ಟಿಯಲ್ಲಿ ಎಲ್ಲರಿಗೂ ಹೆಸರು, ಇಸವಿ, ಊರು, ಪ್ರಕಾಶನ. ನನ್ನ ಸಾಲಿನಲ್ಲಿ 'ಅಜ್ಞಾತ ಲೇಖಕಿ, ವರ್ಷವಿಲ್ಲ' ಎಂದಷ್ಟೇ.

ಈಗ ನಾನು ಮುದುಕಿ. ಮುಟ್ಟಿದರೆ ಪುಡಿಯಾಗುತ್ತೇನೆಂದು, ಯಾರಿಗೂ ಕೊಡದ ಪುಸ್ತಕಗಳ ಕಪಾಟಿಗೆ ನನ್ನನ್ನು ಹಾಕಿದ್ದಾರೆ. ಬೀಗ ಹಾಕುವ ಮುಂಚೆ ಮಹಾನಂದಾ ಬಂದಳು. ಡಾಕ್ಟರೇಟೂ ಸಿಕ್ಕಿತ್ತು, ತಲೆಯಲ್ಲಿ ನರೆಯೂ ಇಣುಕಿತ್ತು. ಕಾಗದ ಹೊರಗೆಳೆದಳು.

ಅಟೆಂಡರ್ ಫಕೀರಪ್ಪ ವಿಳಾಸ ನೋಡಿದ. "ಅಕ್ಕಾರ, ಆ ಪ್ರೆಸ್ಸು ಮುಚ್ಚಿ ಯಾವ ಕಾಲಾತು! ಅಲ್ಲೀಗ ಚಪ್ಪಲಿ ಅಂಗಡಿ ಐತಿ. ನಿಮ್ಮ ಚಪ್ಪಲಿ ಸೈಜ್ ಕೇಳಿ ತಿರುಗಿ ಕಾಗದಾ ಬರೀತಾರ ಮತ್ತ."

ಅವಳು ನಗಲಿಲ್ಲ. "ಗೊತ್ತೈತಿ ಕಾಕಾ. ಕೇಳೇ ಇಲ್ಲ ಅಂತ ಆಗಬಾರ್ದು."

ನನ್ನ ರಟ್ಟನ್ನು ಒಮ್ಮೆ ಸವರಿ ಕೆಳಗಿಟ್ಟಳು. ಆಮೇಲೆ ಕಿಟಕಿಯಾಚೆ ರಸ್ತೆ ದಾಟಿ, ನನ್ನ ರಟ್ಟಿನೊಳಗೇ ಇದ್ದ ಹೆಸರನ್ನು ಗದಗಿಗೆ ಕೇಳುವ ಆ ಕಾಗದವನ್ನು ಕೆಂಪು ಡಬ್ಬಿಯೊಳಗೆ ಹಾಕಿದಳು.